ಟೈರ್ ಅಕ್ಕೋರು

ಅಂಕೋಲೆ ತಾಲೂಕಿನಲ್ಲಿ ಅತಿ ಹೆಚ್ಚು ಗಂಡಸರನ್ನು ನಪಾಸು ಮಾಡಿದ ಅಕ್ಕೋರು ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಅಪ್ಪನ ತಂಗಿಯಾದ ನನ್ನ ಅತ್ತೆಯ ಕಡೆ ಬೆರಳು ತೋರಿಸುತ್ತೇನೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ನಾನು ಬಿ.ಎಡ್. ಮಾಡಿ ಕಾರವಾರದ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಗಂಟಲು ಹರಿದುಕೊಂಡವಳು. ನನ್ನನ್ನು ಅಕ್ಕೋರೇ ಎಂದು ಕರೆಯುವ ಮಕ್ಕಳು ಗೇಟು ದಾಟಿದ ಮೇಲೆ ನನ್ನ ಗುರುತನ್ನೂ ಹಿಡಿಯುವುದಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನನ್ನ ಅತ್ತೆಯ ಮುಂದೆ ಮಾತ್ರ, ಹುಬ್ಬಳ್ಳಿಯಿಂದ ಗೋವೆಯ ಗಡಿಯವರೆಗಿನ ಮೀಸೆ ಹೊತ್ತ ಡ್ರೈವರುಗಳೆಲ್ಲ ಕೈಕಟ್ಟಿ ನಿಂತು 'ಅಕ್ಕೋರೇ' ಎನ್ನುತ್ತಿದ್ದರು. ಇದು ಯಾವ ನ್ಯಾಯ, ನೀವೇ ಹೇಳಿ.

ಅವಳು ಪರೀಕ್ಷೆ ಮಾಡುತ್ತಿದ್ದದ್ದು ಟೈರುಗಳನ್ನು. ಅವರ್ಸಾದಲ್ಲಿ ಹೆದ್ದಾರಿಯ ಮಗ್ಗುಲಿಗೆ ಮಾವನದೊಂದು ರಿಸೋಲ್ ಅಂಗಡಿ ಇತ್ತು. ಲಾರಿಯ ಟೈರು ಓಡಿ ಓಡಿ ನುಣ್ಣಗಾದ ಮೇಲೂ ಅದರ ಮೈ ಗಟ್ಟಿ ಇದ್ದರೆ, ಸವೆದ ರಬ್ಬರನ್ನು ತರಿದು ತೆಗೆದು, ಹೊಸ ರಬ್ಬರಿನ ಪಟ್ಟಿ ಅಂಟಿಸಿ, ಬೇಯಿಸಿ ಕೊಡುವ ಕೆಲಸ. ಚಪ್ಪಲಿಗೆ ಹೊಸ ಅಟ್ಟೆ ಹಾಕಿದ ಹಾಗೆ. ಹೊಸ ಟೈರು ಕೊಳ್ಳುವುದು ಸಣ್ಣ ಲಾರಿಯವರಿಗೆ ಆಗದ ಮಾತು. ನಾಲ್ಕಾರು ಲಾರಿ ಇಟ್ಟ ಸಾವ್ಕಾರರಿಗೂ ಹಿಂದಿನ ಚಕ್ರಗಳಿಗೆ ರಿಸೋಲೇ ಗತಿ. ಮಾವ ಕಾಮಾಲೆಯಲ್ಲಿ ತೀರಿಕೊಂಡಾಗ ಅತ್ತೆ ಮಿಷನ್ನು ಮಾರಿ ಮನೆಯಲ್ಲಿ ಕೂರುತ್ತಾಳೆಂದು ಎಲ್ಲರೂ ತಿಳಿದಿದ್ದರು. ಹದಿಮೂರನೆಯ ದಿನದ ಊಟ ಮುಗಿದ ಮಾರನೆಯ ಬೆಳಿಗ್ಗೆ ನೋಡಿದರೆ, ಅವಳು ಮಾವನ ಸಣ್ಣ ಸುತ್ತಿಗೆ ಹಿಡಿದು ಅಂಗಡಿಯಲ್ಲಿ ಕೂತಿದ್ದಾಳೆ.

"ಎಂತ ಮಾಡೂಕೆ ಬಂದೆ ಇಲ್ಲಿ?" ಎಂದು ಅಪ್ಪ ಕೇಳಿದ.

"ಹನ್ನೆರಡು ವರ್ಷ ಇಲ್ಲಿಗೆ ಬುತ್ತಿ ತಂದಿದ್ದೆ ಅಣ್ಣಾ. ಅವರು ಉಣ್ಣುವಾಗೂ ಒಂದು ಕೈಲಿ ಟೈರ್ ಬಡಿತಿದ್ರು. ಉಪ್ಪು ಹೆಚ್ಚಾಯ್ತು ಅಂತ ಹೇಳಿದ್ದು ನೆನಪಿಲ್ಲ, ಯಾವ ಟೈರ್ ಹ್ಯಾಂಗೆ ಮಾತಾಡ್ತದೆ ಅಂತ ಹೇಳಿದ್ದು ಎಲ್ಲ ನೆನಪದೆ."

ಅಲ್ಲಿಂದ ಶುರುವಾಯಿತು ಅವಳ ಪರೀಕ್ಷೆ. ಟೈರಿಗೆ ಗಾಳಿ ತುಂಬಿಸಿ ಅವಳ ಮುಂದೆ ಉರುಳಿಸಿಕೊಂಡು ಬರಬೇಕು. ಮಿಷನ್ನು ನಿಲ್ಲಬೇಕು. ಎದುರಿನ ಚಾದಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಬೇಕು. ಕೆಮ್ಮು ಇದ್ದವರು ರಸ್ತೆ ದಾಟಿ ಕೆಮ್ಮಿ ಬರಬೇಕು. ಆಮೇಲೆ ಅತ್ತೆ ಕಣ್ಣು ಮುಚ್ಚಿ, ಕಿವಿಯನ್ನು ಟೈರಿನ ಹತ್ತಿರ ತಂದು, ಸುತ್ತಿಗೆಯಿಂದ ಒಂದೊಂದೇ ಗೇಣು ಬಿಟ್ಟು ಬಡಿಯುತ್ತಾ ಹೋಗುವಳು. ಗಟ್ಟಿ ಟೈರು ಯಕ್ಷಗಾನದ ಮದ್ದಳೆಯ ಹಾಗೆ 'ಧೀಂ' ಎನ್ನುತ್ತದೆ. ಒಳಗೆ ಪದರ ಬಿಟ್ಟುಕೊಂಡಿದ್ದರೆ ಆ ಒಂದು ಜಾಗದಲ್ಲಿ 'ಬದ್' ಎನ್ನುತ್ತದೆ, ಒದ್ದೆ ಗೋಣಿಗೆ ಹೊಡೆದ ಹಾಗೆ. 'ಬದ್' ಕೇಳಿತೋ, ಸೀಮೆಸುಣ್ಣ ತೆಗೆದು ಟೈರಿನ ಮೇಲೆ ದೊಡ್ಡದಾಗಿ 'ನಪಾಸು' ಎಂದು ಬರೆದುಬಿಡುವಳು. ಕಾಗುಣಿತ ಒಮ್ಮೆಯೂ ತಪ್ಪಿದ್ದಿಲ್ಲ.

"ಅಕ್ಕೋರೇ, ಒಂದೇ ಒಂದು ಕಡೆ ಅಲ್ವಾ. ಗ್ರೇಸ್ ಮಾರ್ಕ್ ಹಾಕಿ ಪಾಸ್ ಮಾಡಿ" ಎಂದು ಡ್ರೈವರು ಗೋಗರೆಯುವನು.

"ನಾ ಕೊಡ್ತೆ ತಮಾ. ಅರಬೈಲ್ ಘಟ್ಟ ಕೊಡ್ತದಾ ಕೇಳ್ಕಂಡು ಬಾ."

ಘಟ್ಟದ ಮೇಲಿಂದ ಅದಿರು ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳವು. ಅಂಗಡಿಯ ಮುಂದೆ ಟೈರಿನ ಗುಡ್ಡ. ದಿನಕ್ಕೆ ಹತ್ತು ಮಂದಿ ನಪಾಸಾಗಿ ಬೈದುಕೊಂಡು ಹೋಗುವರು. ವಾರ ಬಿಟ್ಟು ಅದೇ ಮಂದಿ ಬೇರೆ ಟೈರು ಉರುಳಿಸಿಕೊಂಡು ಬರುವರು. ಬೇರೆಲ್ಲಿ ಹೋದರೂ ಪಾಸಾಗುತ್ತದೆ, ಆದರೆ ಅತ್ತೆ ಪಾಸು ಮಾಡಿದ ಟೈರು ಹಾಕಿಕೊಂಡರೆ ಹೆಂಡತಿ ನಿದ್ದೆ ಮಾಡುತ್ತಾಳೆ ಎಂಬುದು ಡ್ರೈವರುಗಳ ಮಾತು.

ಅವಳಿಗೆ ಇನ್ನೊಂದು ಕಟ್ಟಳೆ ಇತ್ತು: ಮುಂದಿನ ಚಕ್ರಕ್ಕೆ ರಿಸೋಲ್ ಹಾಕುವಂತಿಲ್ಲ. ಹಿಂದೆ ಜೋಡಿ ಚಕ್ರ, ಒಂದು ಹೋದರೆ ಇನ್ನೊಂದು ಹೊರುತ್ತದೆ. ಮುಂದಿನದಕ್ಕೆ ಜೊತೆ ಯಾರೂ ಇಲ್ಲ ಎಂದು ಅವಳ ವಾದ. ನನ್ನ ತಮ್ಮನ ಮದುವೆಯ ದಿಬ್ಬಣ ಅವರ್ಸಾದಿಂದ ಕಾರವಾರಕ್ಕೆ ಹೊರಟಾಗ ಈ ಕಟ್ಟಳೆಯ ರುಚಿ ನಮಗೆ ಗೊತ್ತಾಯಿತು. ಎಲ್ಲರೂ ವ್ಯಾನಿನಲ್ಲಿ ಕೂತಾಗಿದೆ. ಅತ್ತೆ ಮಾತ್ರ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ರಿಸೋಲ್ ಹಾಕಿದ್ದ ಮುಂದಿನ ಚಕ್ರದ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದಾಳೆ. "ಎಲ್ಲರೂ ಇಳೀರಿ" ಎಂದಳು. ಇಳಿದೆವು. ಸ್ಟೆಪ್ನಿ ಇಳಿಸಿ, ಜಾಕು ಕೊಟ್ಟು, ಚಕ್ರ ಬದಲಾಯಿಸುವವರೆಗೆ ವ್ಯಾನು ಅಲ್ಲಾಡುವಂತಿಲ್ಲ. ಮುಹೂರ್ತ ಮೀರುತ್ತದೆಂದು ಅಪ್ಪ ತಲೆ ಚಚ್ಚಿಕೊಂಡ. ಅತ್ತೆ ಎದ್ದೇಳಲಿಲ್ಲ.

"ಮುಹೂರ್ತ ಹೋದ್ರೆ ಇನ್ನೊಂದು ಬತ್ತದೆ. ಮದುಮಗ ಹೋದ್ರೆ?"

ಕೊನೆಗೆ ಮದುಮಗನೇ ನಟ್ಟು ಬಿಗಿಸಬೇಕಾಯಿತು. ಧಾರೆಯ ಹೊತ್ತಿಗೆ ಹುಡುಗಿಯ ಕೈಯಲ್ಲಿ ಮೆಹೆಂದಿ, ನನ್ನ ತಮ್ಮನ ಕೈಯಲ್ಲಿ ಗ್ರೀಸು. ಫೋಟೋದಲ್ಲಿ ಯಾವುದು ಯಾವುದೆಂದು ಹೇಳಲಾಗದು.

ಇನ್ನು ಅವಳ ಮಾತಿನ ಕತೆ. ತಮ್ಮನ ಮದುವೆಯಾಗಿ ಒಂದೆರಡು ವರ್ಷಕ್ಕೆ ಅವಳ ಉತ್ತರಗಳು ವಿಚಿತ್ರವಾಗತೊಡಗಿದವು. ಕಾರವಾರದ ಹಬ್ಬುವಾಡದ ನಮ್ಮ ಮನೆಗೆ ಬಂದಿದ್ದಾಗ ಒಂದು ಸಂಜೆ ನನ್ನ ಗಂಡ ಒಳಗಿಂದ "ಕರೆಂಟು ಹೋಯ್ತು" ಎಂದರು. ಅತ್ತೆ ಎದೆಗೆ ಕೈ ಇಟ್ಟುಕೊಂಡಳು. "ಯಾರು, ಕಮಲಿ ಹೋಯ್ತಾ? ಮೊನ್ನೆ ಸಂತೇಲಿ ಮೀನು ಚೌಕಾಸಿ ಮಾಡ್ತಾ ಇತ್ತಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳತೊಡಗಿದಳು. ದೀಪ ಬಂದ ಮೇಲೂ ಅವಳ ನೆರೆಮನೆಯ ಕಮಲಕ್ಕ ಬದುಕಿದ್ದಾಳೆಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು. ತಮ್ಮ ಅವಳಿಗೊಂದು ಮೊಬೈಲು ಕೊಡಿಸಿದ. ಅವಳು ಅದರಲ್ಲಿ ಹೇಳುವುದನ್ನು ಕೂಗಿ ಹೇಳಿ, ನಾವು ಹೇಳುವುದಕ್ಕೆ ಮೊದಲೇ ಇಟ್ಟುಬಿಡುವಳು. ಕೇಳಿದರೆ "ಟವರ್ ಇಲ್ಲ ಮಾರಾಯ್ತಿ" ಎನ್ನುವಳು. ಟವರು ಅವಳ ಅಂಗಡಿಯ ಹಿಂದೆಯೇ ಎದ್ದು ನಿಂತಿತ್ತು.

ಟೈರಿನ ಪರೀಕ್ಷೆಯ ಕ್ರಮವೂ ಬದಲಾಯಿತು. ಮೊದಲು ಸುತ್ತಿಗೆ ದೊಡ್ಡದಾಯಿತು. ಆಮೇಲೆ ಎಡಗೈಯನ್ನು ಟೈರಿಗೆ ಆನಿಸಿ ಬಡಿಯತೊಡಗಿದಳು. ಆಮೇಲೆ ಕೆನ್ನೆಯನ್ನೇ ಒತ್ತಿ ಹಿಡಿದು ಬಡಿಯತೊಡಗಿದಳು. ಸಂಜೆ ಮನೆಗೆ ಹೋಗುವಾಗ ಒಂದು ಕೆನ್ನೆ ಮನೆಗೆ ಸೇರಿದ್ದು, ಇನ್ನೊಂದು ಮಸಿಯಾಗಿ ಹೆದ್ದಾರಿಗೆ ಸೇರಿದ್ದು. "ನನ್ನ ಅತ್ತೆ ಟೈರಿಗೆ ಮುತ್ತು ಕೊಟ್ಟು ಪಾಸು ಮಾಡುತ್ತಾಳೆ" ಎಂದು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೆನ್ನೆ ಒತ್ತಿ ತೋರಿಸಿ ಹೇಳಿದಾಗ ನಮ್ಮ ಹೆಡ್ ಮಾಸ್ತರರು ನಕ್ಕು ನಕ್ಕು ಚಾ ಚೆಲ್ಲಿಕೊಂಡಿದ್ದರು. ಕಮಲಕ್ಕನ ಕತೆಯನ್ನಂತೂ ನಾನು ಎಷ್ಟು ಕಡೆ ಹೇಳಿದೆನೋ ಲೆಕ್ಕವಿಲ್ಲ.

ನಿಮಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ದಿನಾ ಮಕ್ಕಳ ಹಾಜರಿ ಕೂಗುವವಳು, ಯಾರಿಗೆ ಕೇಳಿಸಿತು ಯಾರಿಗೆ ಕೇಳಿಸಲಿಲ್ಲ ಎಂದು ಮುಖ ನೋಡಿಯೇ ಹೇಳಬೇಕಾದವಳು, ಅತ್ತೆಯ ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ. ಅವಳು ನಗಿಸುತ್ತಿದ್ದಾಳೆ ಎಂದುಕೊಂಡೆ.

ಗೊತ್ತಾದದ್ದು ಬೊಮ್ಮಯ್ಯನಿಗೆ. ಬೊಮ್ಮಯ್ಯ ಹಟ್ಟಿಕೇರಿಯವನು, ಮಾವನ ಕಾಲದಿಂದಲೂ ಅಂಗಡಿಯಲ್ಲಿ ರಬ್ಬರು ತರಿಯುತ್ತಿದ್ದ ಮುದುಕ. ಒಂದು ದಿನ ಅತ್ತೆ ಬಡಿದ ಟೈರು 'ಬದ್' ಎಂದದ್ದು ಅವನಿಗೆ ಕೇಳಿಸಿತು. ಅತ್ತೆ ಅದರ ಮೇಲೆ 'ಪಾಸು' ಎಂದು ಬರೆದಳು. ಅವಳು ಮಧ್ಯಾಹ್ನ ಊಟಕ್ಕೆ ಹೋದಾಗ ಅವಳು ಪಾಸು ಮಾಡಿದ್ದನ್ನೆಲ್ಲ ಇನ್ನೊಮ್ಮೆ ಬಡಿದು ನೋಡಿದ. ಕೆಟ್ಟದ್ದನ್ನು ಹಿಂದಿನ ಶೆಡ್ಡಿಗೆ ಉರುಳಿಸಿ, ಡ್ರೈವರಿಗೆ "ರಬ್ಬರ್ ತೀರಿ ಹೋಯ್ತು, ಬೇರೆ ಟೈರ್ ತಕಂಡು ಬಾ" ಎಂದ. ಮಾರನೆಯ ದಿನವೂ ಹಾಗೇ ಮಾಡಿದ. ಹೀಗೆ ಎರಡು ಮಳೆಗಾಲ ಕಳೆದವು.

ಡ್ರೈವರುಗಳಿಗೂ ತಿಳಿಯಿತು. ಹಾಗಿದ್ದೂ ಅತ್ತೆ ಸುತ್ತಿಗೆ ಎತ್ತಿದರೆ ಮೊದಲಿನಂತೆಯೇ ಬೀಡಿ ಕೆಳಗೆ ಹಾಕಿ, ಕೈಕಟ್ಟಿ, ಉಸಿರು ಬಿಡದೆ ನಿಲ್ಲುತ್ತಿದ್ದರಂತೆ. ಚಾದಂಗಡಿಯವನು ಲೋಟದ ಸದ್ದು ನಿಲ್ಲಿಸುತ್ತಿದ್ದನಂತೆ. ಹೆದ್ದಾರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಅವಳ ಮನೆಯವರು, ಮತ್ತು ಅವಳು. ಕಿವಿ ಸ್ವಲ್ಪ ಮಂದವಾಗಿದೆ ಎಂದು ಅವಳಿಗೂ ಅನ್ನಿಸಿತ್ತು. ಆದರೆ ಕೆನ್ನೆಗೆ, ಕೈಗೆ ಎಲ್ಲವೂ ತಿಳಿಯುತ್ತದೆ ಎಂದೇ ಅವಳು ನಂಬಿದ್ದಳು.

ಆ ವರ್ಷ ಕೊಯ್ಲಿಗೆಂದು ಬೊಮ್ಮಯ್ಯ ನಾಲ್ಕು ದಿನ ಗದ್ದೆಗೆ ಹೋದ. ಆ ನಾಲ್ಕು ದಿನದಲ್ಲೇ ರೋಹಿದಾಸ ಬಂದ.

ರೋಹಿದಾಸ ಕಾರವಾರದ ಮೀನುಗಾರರ ಮನೆಯವನು. ತಮ್ಮಂದಿರು ದೋಣಿಗೆ ಹೋದರೆ ಇವನು ಲಾರಿಗೆ ಬಂದ. ಸಾವ್ಕಾರರೊಬ್ಬರ ಮೀನಿನ ಲಾರಿಯನ್ನು ಹುಬ್ಬಳ್ಳಿಗೆ ಹೊಡೆಯುತ್ತಿದ್ದ. ಹೋಗುವಾಗ ಬಂಗಡೆಯೋ ತಾರ್ಲೆಯೋ ಒಂದು ಕಟ್ಟು ಅತ್ತೆಯ ಬಾಗಿಲಲ್ಲಿ ಇಟ್ಟೇ ಹೋಗುವವನು. ಸಾವ್ಕಾರರ ಲಾರಿಯ ಹಿಂದಿನ ಚಕ್ರಕ್ಕೆಂದು ಎರಡು ಟೈರು ರಿಸೋಲ್ ಆಗಿ ಅಂಗಡಿಯಲ್ಲಿ ತಯಾರಾಗಿದ್ದವು. ಕೊಡುವ ಮೊದಲು ಎಂದಿನಂತೆ ಇನ್ನೊಮ್ಮೆ, ಅವನ ಎದುರಿಗೇ ಅತ್ತೆ ಬಡಿದಳು. ಒಂದು ಸರಿಯಾಗಿ ಮಾತಾಡಿತು. ಇನ್ನೊಂದು ಒಂದು ಜಾಗದಲ್ಲಿ 'ಬದ್' ಎಂದಿತು. ಅದು ಅವನಿಗೆ ಕೇಳಿಸಿತು. ಅತ್ತೆ ಕೆನ್ನೆ ಎತ್ತಿ, ಅವನ ಮುಖ ನೋಡಿ ನಕ್ಕು, 'ಪಾಸು' ಎಂದು ಬರೆದಳು.

ಅವನು ಅವೆರಡನ್ನೂ ಹಾಕಿಸಿಕೊಂಡು ಹೋದ.

ಮೂರನೆಯ ದಿನ ಬೆಳಿಗ್ಗೆ, ಹುಬ್ಬಳ್ಳಿಯಲ್ಲಿ ಮೀನು ಇಳಿಸಿ ಖಾಲಿ ಲಾರಿ ತರುತ್ತಿದ್ದಾಗ, ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಆ ಟೈರಿನ ರಬ್ಬರು ಕಿತ್ತು ಹೋಯಿತು. ಬರೀ ಅಷ್ಟೇ ಆಗಿದ್ದರೆ ಜೊತೆಯ ಚಕ್ರ ಹೊರುತ್ತಿತ್ತು. ಕಿತ್ತ ಪಟ್ಟಿ ಚಾಟಿಯಂತೆ ಬೀಸಿ ಬ್ರೇಕಿನ ಪೈಪನ್ನು ಹರಿಯಿತು. ಒಂದು ಕಡೆ ಕಂದಕ, ಒಂದು ಕಡೆ ಗುಡ್ಡ. ರೋಹಿದಾಸ ಲಾರಿಯನ್ನು ಗುಡ್ಡಕ್ಕೆ ಕೊಟ್ಟ. ಜೀವ ಉಳಿಯಿತು. ಬಲಗಾಲನ್ನು ಕಣಕಾಲಿನ ಮೇಲಕ್ಕೆ ಕತ್ತರಿಸಿ ತೆಗೆಯಬೇಕಾಯಿತು.

ಅವನನ್ನು ಕಾರವಾರದ ಆಸ್ಪತ್ರೆಗೆ ತಂದಿದ್ದರು. ಅತ್ತೆಯನ್ನು ನಾನೇ ಕರೆದುಕೊಂಡು ಹೋದೆ. ಅವನು ಹೊದಿಕೆಯನ್ನು ಸೊಂಟದವರೆಗೆ ಎಳೆದುಕೊಂಡು ನಕ್ಕ.

"ಹ್ಯಾಂಗಾಯ್ತು ತಮಾ?" ಎಂದಳು ಅತ್ತೆ.

"ಬ್ರೇಕ್ ಹೋಯ್ತು ಅಕ್ಕೋರೇ."

"ಎಂತದು?"

"ಬ್ರೇಕ್. ಬ್ರೇಕ್ ಹೋಯ್ತು." ಅವನು ದನಿ ಏರಿಸಿದ. ಅವಳು ಇನ್ನೂ ಬಗ್ಗಿದಳು. ಕೊನೆಗೆ ಅವನು ಇದ್ದ ಶಕ್ತಿಯೆಲ್ಲ ಹಾಕಿ ಕೂಗಿದ: "ಬ್ರೇಕ್ ಹೋದದ್ದು. ನಿಮ್ಮ ಟೈರ್ ಚಲೋ ಇತ್ತು."

ವಾರ್ಡಿನ ಮಂದಿಯೆಲ್ಲ ತಿರುಗಿ ನೋಡಿದರು. ಪಕ್ಕದ ಮಂಚದ ಅಜ್ಜನೊಬ್ಬ ಪಾಪ, ಇವಳಿಗೆ ಇನ್ನೂ ಕೇಳಿಸಲಿಲ್ಲವೆಂದು ತಿಳಿದು, ತಾನೂ ಕೂಗಿದ: "ಅಮಾ, ಟೈರ್ ಚಲೋ ಇತ್ತಂತೆ." ಬಾಗಿಲ ಹತ್ತಿರವಿದ್ದ ಹೆಂಗಸೂ ಹೇಳಿದಳು. ಇಷ್ಟು ಜನ ಸೇರಿ ಒಂದು ಸುಳ್ಳನ್ನು ಒಬ್ಬಳ ಕಿವಿಗೆ ಮುಟ್ಟಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅದು ಸುಳ್ಳೆಂದು ಆಗ ನನಗೂ ಗೊತ್ತಿರಲಿಲ್ಲ.

ಅತ್ತೆ "ಹ್ಞೂಂ" ಎಂದು ಅವನ ಹಣೆ ಸವರಿ ಹೊರಗೆ ಬಂದಳು. ಮೆಟ್ಟಿಲಿಳಿಯುತ್ತಾ, "ಬ್ರೇಕಿನ ಪೈಪ್ ತನ್ನಷ್ಟಕ್ಕೆ ತಾನು ಹರಿಯೂದಿಲ್ಲ ತಂಗೀ" ಎಂದಳು.

ಲಾರಿಯನ್ನು ಎಳೆತಂದು ಅಂಕೋಲೆಯ ಗ್ಯಾರೇಜೊಂದರ ಮುಂದೆ ನಿಲ್ಲಿಸಿದ್ದರು. ಅವಳು ಮಾರನೆಯ ದಿನ ಬೊಮ್ಮಯ್ಯನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಹರಿದ ಟೈರಿನೊಳಗೆ ಅವಳ ಅಂಗಡಿಯಲ್ಲಿ ಹಾಕಿದ ಬಿಳಿ ಬಣ್ಣದ ನಂಬರು ಇತ್ತು. ಹರಿದ ಜಾಗದಲ್ಲಿ ಪದರದ ನಡುವೆ ನಾಲ್ಕು ಬೆರಳು ತೂರಿಸಿ ನೋಡಿದಳು. ಕಿವಿಗೂ ಕೆನ್ನೆಗೂ ಮುಟ್ಟದ್ದು ಬೆರಳಿಗೆ ಸಿಕ್ಕಿತು. ಬೊಮ್ಮಯ್ಯ ಅಳತೊಡಗಿದ. ಅವನು ಅಳುವುದನ್ನು ನೋಡಿಯೇ ಅವಳಿಗೆ ಉಳಿದದ್ದೂ ತಿಳಿಯಿತು.

"ಎಷ್ಟು ದಿನದಿಂದ ಬೊಮ್ಮಯ್ಯ?"

ಅವನು ಎರಡು ಬೆರಳು ತೋರಿಸಿದ. "ಎರಡು ತಿಂಗಳಾ?" ಎಂದಳು. ಅವನು ಅಲ್ಲವೆಂದು ತಲೆಯಾಡಿಸಿದ. "ವರ್ಷವಾ?" ಅವನು ಅವಳ ಕಾಲು ಹಿಡಿಯಲು ಬಗ್ಗಿದ. ಅವಳು ಬಿಡಲಿಲ್ಲ. ಅವತ್ತೇ ಅಂಗಡಿಗೆ ಬಂದು ಬಾಗಿಲೆಳೆದಳು. ಇದನ್ನೆಲ್ಲ ಬೊಮ್ಮಯ್ಯನೇ ಆಮೇಲೆ ನನಗೆ ಹೇಳಿದ್ದು.

ತಿಂಗಳು ಕಳೆದ ಮೇಲೆ, ರೋಹಿದಾಸ ಮನೆಗೆ ಬಂದನೆಂದು ಕೇಳಿ, ಅವಳು ಹಬ್ಬುವಾಡಕ್ಕೆ ಬಂದು ನನ್ನನ್ನು ಎಬ್ಬಿಸಿಕೊಂಡು ಹೊರಟಳು. ಕಡಲ ಕಡೆಗಿನ ಸಣ್ಣ ಹೆಂಚಿನ ಮನೆ. ಬಾಗಿಲಲ್ಲಿ ಅವನ ಹೆಂಡತಿ ಸುಗಂಧಾ ನಿಂತಿದ್ದಳು. ನಾವು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅವಳು, ಕೂಗದೆ, ಮೆಲ್ಲಗೆ ಹೇಳಿದಳು: "ಇನ್ನೊಂದು ಕಾಲು ಅದೆ. ಅದನ್ನೂ ತಕಂಡು ಹೋಗೂಕೆ ಬಂದ್ರಾ?"

ಅತ್ತೆ ನನ್ನ ಕಡೆ ತಿರುಗಿದಳು. "ಎಂತ ಹೇಳ್ತು ಅದು?"

ನಾನು ಅವಳ ಕಿವಿಯ ಹತ್ತಿರ ಬಾಯಿ ಒಯ್ದು ಹೇಳಿದೆ: "ಒಳಗೆ ಬನ್ನಿ ಅಂತು."

ಅತ್ತೆ ಸೀದಾ ಒಳಗೆ ಹೋದಳು. ಸುಗಂಧಾ ಕಕ್ಕಾಬಿಕ್ಕಿಯಾಗಿ ದಾರಿ ಬಿಟ್ಟಳು. ಬೇರೆ ದಿನವಾಗಿದ್ದರೆ ನನಗೆ ನಗಲು ಇಷ್ಟೇ ಸಾಕಿತ್ತು.

ರೋಹಿದಾಸ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತಿದ್ದ. ಅತ್ತೆ ಅವನೆದುರು ನೆಲದ ಮೇಲೆ ಕೂತಳು. "ಕೂಗೂದು ಬೇಡ. ಇದು ನಂಗೆ ಹೇಳ್ತದೆ" ಎಂದು ನನ್ನನ್ನು ತೋರಿಸಿದಳು. "ನಾ ಟೈರ್ ನೋಡ್ದೆ. ಬಡಿವಾಗ ನಿಂಗೆ ಕೇಳಿತ್ತು, ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ.

"ಬೇಡ ಅಂತ ಒಂದು ಮಾತು ಹೇಳಿದ್ರೆ ನಾ ಎಂತ ಮಾಡ್ತಿದ್ದೆ? ಬೈತಿದ್ದೆ. ಬೈಸ್ಕಂಬೂಕೆ ಆಗ್ಲಿಲ್ವಾ ನಿಂಗೆ?"

"ಬೈದ್ರೆ ಎಂತದೂ ಇರ್ಲಿಲ್ಲ ಅಕ್ಕೋರೇ" ಎಂದ ಅವನು. "ಹೇಳಿದ್ಮೇಲೆ ನೀವು ಸುತ್ತಿಗೆ ಕೆಳಗಿಟ್ಟು ಸುಮ್ಮನೆ ಕೂತ್ಬಿಟ್ರೆ ಅಂತ ಹೆದರಿದೆ. ಆವತ್ತು ಬೊಮ್ಮಯ್ಯನೂ ಇರ್ಲಿಲ್ಲ, ನೀವೊಬ್ರೇ. ಒಳಗಿನ ಚಕ್ರಕ್ಕೆ ಹಾಕ್ತೆ, ನಾಲ್ಕು ದಿನ ಬಿಟ್ಟು ಬದಲಿಸ್ತೆ ಅಂದ್ಕಂಡೆ."

ನಾನು ಒಂದೊಂದೇ ಮಾತನ್ನು ಅತ್ತೆಯ ಕಿವಿಯಲ್ಲಿ ಹೇಳುತ್ತಾ ಹೋದೆ.

ಅಡುಗೆಮನೆಯ ಬಾಗಿಲಲ್ಲಿದ್ದ ಸುಗಂಧಾಗೆ ಇದು ಹೊಸ ಸುದ್ದಿ. "ಗೊತ್ತಿತ್ತಾ ನಿಮಗೆ?" ಎಂದು ಗಂಡನನ್ನು ಕೇಳಿದಳು. "ಗೊತ್ತಿದ್ದೂ ಹಾಕಿಸ್ಕಂಡ್ರಾ? ನಾವು ಇಲ್ಲಿ ಇದ್ದದ್ದು ನೆನಪಾಗ್ಲಿಲ್ವಾ?" ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಅತ್ತೆಗೆ ಒಂದು ಮಾತೂ ಕೇಳಿಸಿರಲಿಕ್ಕಿಲ್ಲ. ಎದ್ದು ಹೋಗಿ ಆ ಹೊಸ್ತಿಲ ಪಕ್ಕ, ಒಂದು ಮೊಳ ಬಿಟ್ಟು, ಗೋಡೆಗೆ ಒರಗಿ ಕೂತಳು. ಸಮಾಧಾನ ಹೇಳಲಿಲ್ಲ, ಮುಟ್ಟಲಿಲ್ಲ. ಆ ಹುಡುಗಿ ಅತ್ತು ಮುಗಿಸುವವರೆಗೆ ಕೂತಿದ್ದಳು. ಕೊನೆಗೆ ಸುಗಂಧಾ ಎದ್ದು ಚಾ ಮಾಡಿದಳು. ನನಗೆ ಕೈಗೆ ಕೊಟ್ಟಳು. ಅತ್ತೆಯ ಲೋಟವನ್ನು ನೆಲದ ಮೇಲೆ ಇಟ್ಟಳು. ಅತ್ತೆ ತೆಗೆದುಕೊಂಡು ಕುಡಿದಳು.

ಅಂಗಡಿ ಆಮೇಲೆ ಬೊಮ್ಮಯ್ಯನ ಕೈಗೆ ಹೋಯಿತು. ರೋಹಿದಾಸನಿಗೆ ಸಾವ್ಕಾರರು ಐಸ್ ಫ್ಯಾಕ್ಟರಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಲಾರಿಯ ಸದ್ದು ಕೇಳಿದರೆ ಈಗಲೂ ತಲೆ ಎತ್ತುತ್ತಾನಂತೆ. ಅತ್ತೆ ಬದುಕಿದ್ದಷ್ಟು ದಿನ ತಿಂಗಳಿಗೊಮ್ಮೆ ಆ ಮನೆಗೆ ಹೋಗಿಬರುತ್ತಿದ್ದಳು. ಸುಗಂಧಾ ಅವಳನ್ನು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ.

ರೋಹಿದಾಸನ ಮನೆಗೆ ಹೋಗಿದ್ದ ಆ ಮೊದಲ ದಿನ, ಅವಳನ್ನು ಊರಿನ ಬಸ್ಸು ಹತ್ತಿಸಲು ನಾನು ಕಾರವಾರದ ಬಸ್ ಸ್ಟ್ಯಾಂಡಿಗೆ ಬಂದೆ. ಅಂಕೋಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಕೂತು ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಾಗಿಲಲ್ಲಿ ಅದು ಹೇಳಿದ್ದು ಬನ್ನಿ ಅಂತ ಅಲ್ಲ" ಎಂದಳು. "ಕಿವಿ ಹೋಯ್ತು, ಕಣ್ಣು ಹೋಗ್ಲಿಲ್ಲ ನಂಗೆ. ಎಂತ ಹೇಳ್ತು, ಸರಿಯಾಗಿ ಹೇಳು."

"ಬಿಡು ಅತ್ತೆ."

"ನೀನೂ ಹಂಗೇ ಮಾಡ್ತ್ಯಾ?"

ನಾನು ಅವಳ ಕಿವಿಗೆ ಬಗ್ಗಿ ಹೇಳಿದೆ. ಕೇಳಿಸಲಿಲ್ಲ. ಬಸ್ಸುಗಳ ಸದ್ದು, ಕಂಡಕ್ಟರುಗಳ ಕೂಗು. ಮತ್ತೆ ಹೇಳಿದೆ. ಅವಳು ತಲೆಯಲ್ಲಾಡಿಸಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಆಗ ನಾನು ತರಗತಿಯಲ್ಲಿ ಕೂಡ ಎತ್ತದ ದನಿ ಎತ್ತಿ, ಬಸ್ ಸ್ಟ್ಯಾಂಡಿನ ಜನರೆಲ್ಲ ತಿರುಗಿ ನೋಡುವ ಹಾಗೆ ಕೂಗಿ ಹೇಳಿದೆ: "ಇನ್ನೊಂದು ಕಾಲು ಅದೆ, ಅದನ್ನೂ ತಕಂಡು ಹೋಗೂಕೆ ಬಂದ್ರಾ ಅಂತು."

ಅವಳು ಎದುರಿನ ರಸ್ತೆಯ ಕಡೆ ಮುಖ ತಿರುಗಿಸಿದಳು. "ಅದು ಹೇಳಿದ್ದು ಸರಿ" ಎಂದಳು. ಆಮೇಲೆ ಸೆರಗಿನ ತುದಿಯಿಂದ ನನ್ನ ಕಣ್ಣೊರೆಸಿ, ಬಸ್ಸು ಬರುವವರೆಗೂ ನನ್ನ ಕೈಯನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡಿದ್ದಳು.